ಪಡೆದದ್ದು ಇಷ್ಟು

ಸೊಸೆ ಕೆಲಸ ಬಿಡುತ್ತೇನೆಂದು ಹೇಳಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

“ಬಿಡ್ತೀಯಾ? ಏನನ್ನ?”

“ಶಾಲೆನ. ಔಷಧಿ ಗೋದಾಮಿನಲ್ಲಿ ಕೆಲ್ಸ ಸಿಕ್ಕಿದೆ ಅತ್ತೆ. ಬಂದ ಮಾಲು, ಹೋದ ಮಾಲು ಕಂಪ್ಯೂಟರಿಗೆ ಏರಿಸೋದು. ಒಂಬತ್ತಕ್ಕೆ ಹೋದ್ರೆ ಐದಕ್ಕೆ ಮನೆ. ಸಂಬಳ ಈಗಿನದರ ಒಂದೂವರೆ ಪಟ್ಟು.”

ಮೇಜಿನ ಆ ತುದಿಯಲ್ಲಿದ್ದ ಮಗ ಬೂಟಿನ ಲೇಸು ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿಬಿಟ್ಟ. ಅಂದರೆ ಅವನಿಗೆ ವಿಷಯ ಮೊದಲೇ ಗೊತ್ತಿತ್ತು. ಲಿಫ್ಟ್ ರಿಪೇರಿ ಮಾಡುವವನು ಅವನು. ಎಲ್ಲಿ ನಿಂತರೆ ತಲೆಗೆ ಪೆಟ್ಟು ಬೀಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಅತ್ತೆಯನ್ನು ಆ ಬೀದಿಯಲ್ಲಿ ಎಲ್ಲರೂ ಕರೆಯುವುದು ದೊಡ್ಡ ಟೀಚರ್ ಎಂದು. ಮೂವತ್ತೊಂದು ವರ್ಷ ಒಂದೇ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸಿ, ಒಂಬತ್ತು ವರ್ಷದ ಹಿಂದೆ ನಿವೃತ್ತರಾದವರು. ಟಪಾಲು ಹಂಚುವವನು, ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಎಲ್ಲ ಅವರ ಹತ್ತಿರ ಮಗ್ಗಿ ಒಪ್ಪಿಸಿದವರೇ. ಮಗ ಒಬ್ಬ ಟೀಚರನ್ನು ಮೆಚ್ಚಿಕೊಂಡಿದ್ದಾನೆಂದು ತಿಳಿದಾಗ ಮಗನಿಗಿಂತ ಹೆಚ್ಚು ಕುಣಿದಾಡಿದವರು ಇವರು. ಮದುವೆಯಾದ ವರ್ಷವೇ ಸೊಸೆಯನ್ನು ತಮ್ಮ ಶಾಲೆಗೆ ಕರೆದುಕೊಂಡು ಹೋಗಿ, ತಾವು ಬಿಟ್ಟ ಜಾಗದಲ್ಲೇ ನಿಲ್ಲಿಸಿ ಬಂದಿದ್ದರು.

“ಡಬ್ಬ ಎಣಿಸೋಕಾ ನೀನು ಅಷ್ಟೆಲ್ಲ ಓದಿದ್ದು?”

“ಡಬ್ಬ ಕೂಗಾಡಲ್ಲ ಅತ್ತೆ. ಸಂಜೆ ನನ್ನ ಹಿಂದೆ ಮನೆಗೂ ಬರಲ್ಲ.” ಸೊಸೆ ಕಿಟಕಿಯ ಕಟ್ಟೆಯ ಮೇಲೆ ಪೇರಿಸಿಟ್ಟ ನೋಟ್‌ಬುಕ್ಕುಗಳ ಕಡೆ ಕೈ ತೋರಿಸಿದಳು.

“ನಾವೇನು ಮಾಡ್ಲಿಲ್ವಾ? ಮೂವತ್ತೊಂದು ವರ್ಷದಲ್ಲಿ ಒಂದಿನ ಕಷ್ಟ ಅಂದಿದೀನಾ?”

“ನೀವು ಪಾಠ ಮಾಡಿದ್ರಿ. ನನಗೆ ಪಾಠ ಮಾಡೋಕೇ ಪುರುಸೊತ್ತಿಲ್ಲ.” ಅವಳ ದನಿ ಕೊನೆಗೆ ಬರುವಷ್ಟರಲ್ಲಿ ಒಡೆದು ಗಾಳಿಯಾಯಿತು. ಒಂದು ತಿಂಗಳಿನಿಂದ ಅವಳ ದನಿ ಹೀಗೇ ಇದ್ದುದರಿಂದ ಯಾರೂ ಅದನ್ನು ಗಮನಿಸಲಿಲ್ಲ.

“ನಿಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬರು ಸ್ವಲ್ಪ ಉಪ್ಪು ಕೊಡಿ,” ಎಂದರು ಮಾವ. “ರಾಜೀನಾಮೆ ಆಮೇಲೆ ಕೊಡಬಹುದು.” ಗಡಿಯಾರ ರಿಪೇರಿಯ ಮುದುಕ, ಮುಂದಿನ ಕೋಣೆಯೇ ಅವರ ಅಂಗಡಿ. ಜಗಳ ಎಷ್ಟು ಹೊತ್ತು ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಹಾಕುವುದರಲ್ಲೂ ಪಳಗಿದವರು.

ಆ ದಿನ ಜಗಳ ನಿಲ್ಲಲಿಲ್ಲ. ಎಂಟು ವರ್ಷದ ಮೊಮ್ಮಗಳು ಗುಬ್ಬಿ, “ಅಮ್ಮ ಗೋದಾಮಿಗೆ ಹೋದ್ರೆ ನಮಗೆ ಭಿನ್ನರಾಶಿ ಯಾರು ಹೇಳ್ಕೊಡ್ತಾರೆ?” ಎಂದು ಕೇಳಿ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದಳು. ನಾಲ್ಕು ದಿನ ಅತ್ತೆ ಸೊಸೆ ಒಬ್ಬರ ಹತ್ತಿರ ಒಬ್ಬರು ಮಾತಾಡಿದ್ದು ಗ್ಯಾಸು, ಹಾಲು, ಬಟ್ಟೆ ಒಣಗಿದೆಯಾ, ಇಷ್ಟೇ.

ಐದನೆಯ ದಿನ ಮಧ್ಯಾಹ್ನ ಸೊಸೆಯನ್ನು ಆಟೋದಲ್ಲಿ ಮನೆಗೆ ಕಳಿಸಿದರು. ಪಾಠ ಮಾಡುತ್ತಿದ್ದ ಹಾಗೆಯೇ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಉಸಿರು ಮಾತ್ರ. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, “ಸ್ವರತಂತಿ ಮೇಲೆ ಗಂಟು ಎದ್ದಿದೆ. ಮೂರು ವಾರ ಒಂದು ಮಾತೂ ಆಡಕೂಡದು. ಪಿಸುಗುಟ್ಟೋದೂ ಬೇಡ. ಕೇಳದಿದ್ರೆ ಆಪರೇಷನ್ನೇ ಗತಿ,” ಎಂದರು. “ಏನು ಕೆಲ್ಸ ಮಾಡ್ತಾರೆ? ತರಕಾರಿ ಕೂಗಿ ಮಾರೋದಾ?”

“ಟೀಚರ್,” ಎಂದ ಮಗ.

“ಹೌದಾ? ಈ ತಿಂಗಳು ನನ್ನ ಹತ್ತಿರ ಬಂದ ಆರನೇ ಟೀಚರ್ ಇವರು.”

ಸಂಜೆ ಶಾಲೆಯಿಂದ ಗುಮಾಸ್ತನ ಫೋನು ಬಂತು. ಗುತ್ತಿಗೆಯ ಟೀಚರುಗಳಿಗೆ ಕಾಯಿಲೆ ರಜೆ ಇಲ್ಲ. ಬದಲಿಗೆ ಯಾರನ್ನಾದರೂ ಕಳಿಸಬೇಕು, ಇಲ್ಲದಿದ್ದರೆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತಾರೆ. ಫೋನು ಸ್ಪೀಕರಿನಲ್ಲಿತ್ತು. ಸೊಸೆ ಗುಬ್ಬಿಯ ಸ್ಲೇಟು ಎಳೆದುಕೊಂಡು, ‘ಬರ್ಕೊಳ್ಳಲಿ’ ಎಂದು ಬರೆದಳು.

“ನಾನು ಹೋಗ್ತೀನಿ,” ಎಂದರು ದೊಡ್ಡ ಟೀಚರ್.

“ಅಮ್ಮ, ನಿನಗೆ ಅರವತ್ತೇಳು!”

“ಅರವತ್ತೇಳಕ್ಕೆ ಮಗ್ಗಿ ಮರೆತುಹೋಗುತ್ತಾ? ಮೂರು ವಾರ ಇವಳ ಕ್ಲಾಸು ನಾನು ನೋಡ್ಕೋತೀನಿ. ನಮ್ಮ ಶಾಲೆ ಹೇಗೆ ನಡೆಸಬೇಕು ಅಂತ ಎಲ್ಲರಿಗೂ ಗೊತ್ತಾಗಲಿ.” ಆ ‘ಎಲ್ಲರಿಗೂ’ ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಸೊಸೆ ಸ್ಲೇಟನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ದೊಡ್ಡ ಟೀಚರ್ ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಳೆಯ ಕೈಚೀಲಕ್ಕೆ ಹೊಸ ಪೆನ್ನು ಹಾಕಿಕೊಂಡು ಹೊರಟರು. ಶಾಲೆಯ ಗೇಟಿನಲ್ಲಿ ಅವರ ಎದೆ ಉಬ್ಬಿತು. ಐದನೆಯ ತರಗತಿಯ ಬಾಗಿಲಿಗೆ ಬಂದಾಗ ಕಾಲು ತಡೆಯಿತು.

ಅದು ತರಗತಿಯಾಗಿರಲಿಲ್ಲ. ಎರಡು ಕೋಣೆಗಳ ನಡುವಿನ ಹಲಗೆಯ ಗೋಡೆ ಕಿತ್ತು ಒಂದೇ ಹಾಲ್ ಮಾಡಿದ್ದರು. ಮೇಲೆ ತಗಡು, ಆರು ಫ್ಯಾನು, ಆರೂ ಕಿರುಚುತ್ತಿದ್ದವು. ಕೆಳಗೆ ಎಂಬತ್ತನಾಲ್ಕು ಮಕ್ಕಳು. ‘ಎ’ ವಿಭಾಗ ಸೊಸೆಯದು. ‘ಬಿ’ ವಿಭಾಗದ ಟೀಚರ್ ಬಿಟ್ಟುಹೋದ ಮೇಲೆ ಅದೂ ಅವಳ ತಲೆಗೇ ಬಂದಿತ್ತು. ಎರಡು ವರ್ಷದಲ್ಲಿ ಏಳು ಜನ ಬಿಟ್ಟಿದ್ದರು, ಹನ್ನೊಂದು ಜನ ಉಳಿದಿದ್ದರು.

ದೊಡ್ಡ ಟೀಚರಿಗೆ ಒಂದು ವಿದ್ಯೆ ಗೊತ್ತಿತ್ತು. ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಒಂದೇ ಎಳೆಯಲ್ಲಿ, ಕೈವಾರವಿಲ್ಲದೆ, ದುಂಡನೆಯ ವೃತ್ತ ಬರೆದರು. ಗಲಾಟೆ ಹಿಂದಿನ ಸಾಲಿನವರೆಗೂ ಇಳಿಯುತ್ತಾ ಹೋಯಿತು. “ಟೀಚರ್, ಇನ್ನೊಂದ್ಸಲ!” ಎಂದಿತು ಒಂದು ಮಗು. ಮೊದಲ ದಿನ ಗೆದ್ದರು.

ಎರಡನೆಯ ದಿನದಿಂದ ವೃತ್ತ ಸಾಕಾಗಲಿಲ್ಲ. ದಿನಕ್ಕೆ ಏಳು ಪಿರಿಯಡ್, ನಡುವೆ ಒಂದೂ ಬಿಡುವಿಲ್ಲ. ಊಟದ ಹೊತ್ತಿನಲ್ಲಿ ಮಕ್ಕಳ ಸಾಲು ಕಾಯುವುದು, ಶಾಲೆ ಬಿಟ್ಟ ಮೇಲೆ ವ್ಯಾನು ಹತ್ತಿಸುವುದು, ಹಾಜರಿಯನ್ನು ಮೊದಲು ಪುಸ್ತಕದಲ್ಲಿ, ಆಮೇಲೆ ಫೋನಿನಲ್ಲಿ ತುಂಬುವುದು. ಟೀಚರುಗಳ ಕೋಣೆಗೆ ಬೀಗ. ಒಳಗೆ ಹೊಸ ಕಂಪ್ಯೂಟರಿನ ಪೆಟ್ಟಿಗೆಗಳು ದೂಳು ತಿನ್ನುತ್ತಿದ್ದವು. ಟೀಚರುಗಳು ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಅವರ ಶೌಚಾಲಯದ ಪೈಪು ಒಡೆದು ಎಂಟು ತಿಂಗಳಾಗಿತ್ತು. ತೀರಾ ಅಗತ್ಯವಾದರೆ ರಸ್ತೆ ದಾಟಿ ಎದುರಿನ ಹೋಟೆಲಿನವನನ್ನು ಕೇಳಬೇಕು.

ಮೂರನೆಯ ದಿನ ನೋಟ್‌ಬುಕ್ಕು ನೋಡುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳ ಪುಸ್ತಕದಲ್ಲಿ ಹದಿನಾರು ಪುಟ ಖಾಲಿ ಇದ್ದವು. ತಾರೀಖು ಮಾತ್ರ ಮುದ್ದಾಗಿ ಬರೆದಿದ್ದಳು.

“ಯಾಕಮ್ಮಾ ಬರೆದಿಲ್ಲ?”

“ಬೋರ್ಡ್ ಕಾಣಲ್ಲ ಟೀಚರ್.”

“ಯಾರಿಗೂ ಹೇಳ್ಲಿಲ್ವಾ?”

“ಹೇಳಿದೆ. ಕೇಳಿಸಲಿಲ್ಲ.”

ಅವಳ ಮಾತಿನಲ್ಲಿ ದೂರಿರಲಿಲ್ಲ. ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲ, ಅಷ್ಟೇ. ದೊಡ್ಡ ಟೀಚರ್ ಅವಳನ್ನು ಮುಂದಿನ ಬೆಂಚಿಗೆ ಕರೆತಂದರು. ಕರೆತಂದ ಮೇಲೆ ಹಿಂದೆ ತಿರುಗಿ ನೋಡಿದರು. ಇನ್ನೂ ಯಾರ್ಯಾರ ಪುಟ ಖಾಲಿ ಇದೆಯೋ, ಒಂದು ವಾರ ಕೂತರೂ ನೋಡಿ ಮುಗಿಯುವಂತಿರಲಿಲ್ಲ.

ಮನೆಯಲ್ಲಿ ಅಡುಗೆ ಈಗ ಸೊಸೆಯದು, ಮಾವನದು. ಮಾವ ಹುರುಳಿಕಾಯಿ ಹೆಚ್ಚುತ್ತಿದ್ದುದು ಗಡಿಯಾರದ ಹಲ್ಲುಚಕ್ರ ಕೂರಿಸುವ ಹಾಗೆ, ಒಂದೊಂದಕ್ಕೂ ಅಳತೆ. “ಮಾವ, ಊಟ ಇವತ್ತೇ ಆಗ್ಬೇಕು,” ಎಂದು ಸೊಸೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು.

ಗುರುವಾರ ಸಂಜೆ ದೊಡ್ಡ ಟೀಚರ್ ಬಂದು ಕುರ್ಚಿಯಲ್ಲಿ ಕುಸಿದರು. ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಹಸಿಯಾಗಿ ಮೂಡಿತ್ತು. ಮಾವ ಬಿಸಿನೀರಿನ ಬಕೆಟ್ಟು ತಂದಿಟ್ಟರು.

“ಹೇಗಿತ್ತೇ ನಿನ್ನ ಶಾಲೆ?”

“ಚೆನ್ನಾಗಿತ್ತು.”

ಸೊಸೆ ಅಡುಗೆಮನೆಯಿಂದ ಬಂದಳು. ಅತ್ತೆಯ ಮುಖ ನೋಡಿದಳು, ಪಾದ ನೋಡಿದಳು. ಸ್ಲೇಟಿನಲ್ಲಿ ಎರಡೇ ಪದ ಬರೆದು ಹಿಡಿದಳು: ‘ನೀರು ಕುಡಿದ್ರಾ?’

ದೊಡ್ಡ ಟೀಚರ್ ಸ್ಲೇಟು ಓದಿದರು. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕುಡಿದರೆ ರಸ್ತೆ ದಾಟಬೇಕಲ್ಲ. ಎಂಟು ತಿಂಗಳಿನಿಂದ ಇವಳು ಸಂಜೆ ಬಂದ ಕೂಡಲೇ ಒಂದು ಚೊಂಬು ನೀರನ್ನು ಗಟಗಟ ಕುಡಿಯುತ್ತಿದ್ದಳು. “ಹುಡುಗಿಯರು ನಿಧಾನವಾಗಿ ಕುಡೀಬೇಕು,” ಎಂದು ತಾವೇ ಬೈದದ್ದು ನೆನಪಾಯಿತು. ಸೊಸೆ ಲೋಟ ತಂದು ಕೈಗಿಟ್ಟಳು. ಅತ್ತೆ ಗಟಗಟ ಕುಡಿದರು.

ಸಂಬಳ ಬಂದದ್ದು ಹದಿನೆಂಟನೆಯ ತಾರೀಖು. ಗುಮಾಸ್ತ ರಿಜಿಸ್ಟರು ತಿರುಗಿಸಿ ಸೊಸೆಯ ಸಾಲಿನ ಮೇಲೆ ಬೆರಳಿಟ್ಟ. “ಅವರ ಪರವಾಗಿ ಸಹಿ ಹಾಕಿ ದೊಡ್ಡ ಟೀಚರ್.” ಪಕ್ಕದಲ್ಲೇ ಲಕೋಟೆ ಇಟ್ಟ.

ಮೂವತ್ತೊಂದು ವರ್ಷ ಗಣಿತ ತಿದ್ದಿದ ಕಣ್ಣು ಮೊದಲು ಅಂಕಿ ನೋಡಿತು. ಇಪ್ಪತ್ತಾರು ಸಾವಿರ ಎಂದಿತ್ತು. ಲಕೋಟೆ ತೆಳ್ಳಗಿತ್ತು. ಬಿಚ್ಚಿ ನೋಡಿದರೆ ಹದಿನೈದು.

“ಇದೇನಪ್ಪಾ? ಉಳಿದದ್ದು?”

ಗುಮಾಸ್ತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ರಿಜಿಸ್ಟರು ಇಲಾಖೆಯವರಿಗೆ ತೋರಿಸೋಕೆ. ಕೈಗೆ ಬರೋದು ಇದು. ಎಲ್ರೂ ಹೀಗೇ ಹಾಕ್ತಾರೆ. ನಿಮ್ಮ ಸೊಸೇನೂ ಸೇರಿದಾಗಿಂದ ಹಾಕ್ತಾನೇ ಇದ್ದಾರೆ.”

“ನನ್ನ ಕಾಲದಲ್ಲಿ ಸಂಬಳ ಕಡಿಮೆ ಇತ್ತು. ಆದ್ರೆ ಬರೆದಿದ್ದಷ್ಟು ಕೊಡ್ತಿದ್ರು.”

“ನಿಮ್ಮ ಕಾಲ ಬೇರೆ ಟೀಚರ್.”

“ಲೆಕ್ಕ ಬೇರೇನಾ?” ದೊಡ್ಡ ಟೀಚರ್ ಪೆನ್ನಿನ ಕ್ಯಾಪು ಮುಚ್ಚಿದರು. ಲಕೋಟೆಯನ್ನು ಅಲ್ಲೇ ಬಿಟ್ಟು ಎದ್ದರು.

ಅಂದು ಮನೆಗೆ ಬಂದವರು ಚೀಲ ಕೂಡ ಇಳಿಸಲಿಲ್ಲ. ಸೊಸೆ ಬಟ್ಟೆ ಮಡಿಸುತ್ತಿದ್ದಳು.

“ಇಷ್ಟು ವರ್ಷ ಸುಳ್ಳು ಅಂಕಿಗೆ ಸಹಿ ಹಾಕಿದೀಯಲ್ಲ, ನನಗೆ ಒಂದು ಮಾತು ಹೇಳಬಾರದಿತ್ತಾ?”

ಸೊಸೆ ಮಡಿಸುತ್ತಿದ್ದ ದಿಂಬಿನ ಚೀಲವನ್ನು ಕೆಳಗಿಟ್ಟು, ಸ್ಲೇಟು ತೆಗೆದುಕೊಂಡು ಬರೆಯತೊಡಗಿದಳು. ತುಂಬ ಹೊತ್ತು ಬರೆದಳು. ಒಂದು ಬದಿ ಸಾಲದೆ ಇನ್ನೊಂದು ಬದಿಗೂ ಹೋದಳು.

‘ಮೊದಲನೇ ತಿಂಗಳೇ ಹೇಳಿದೆ ಅತ್ತೆ. ನೀವು ಬಟಾಣಿ ಸುಲೀತಿದ್ರಿ. ದುಡ್ಡಿಗೋಸ್ಕರ ಪಾಠ ಮಾಡೋರು ನಮ್ಮನೇಲಿ ಯಾರೂ ಇಲ್ಲ ಅಂದ್ರಿ. ಆಮೇಲೆ ಹೇಳಲಿಲ್ಲ.’

ದೊಡ್ಡ ಟೀಚರ್ ಎರಡೂ ಬದಿ ಓದಿದರು. ಬಟಾಣಿಯ ದಿನ ಅವರಿಗೆ ನೆನಪಿರಲಿಲ್ಲ. ಆದರೆ ಆ ಮಾತು ತಮ್ಮದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅದೇ ಮಾತನ್ನು ಎಷ್ಟು ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದರೋ.

“ಹಾಗೆ ಅನ್ನಬಾರದಿತ್ತು,” ಎಂದರು. ಆ ಮನೆಯಲ್ಲಿ ಅವರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಮಾವನ ಕೈಯಿಂದ ಸ್ಕ್ರೂ ಜಾರಿ ಬಿದ್ದ ಸದ್ದಾಯಿತು.

ಭಾನುವಾರ ಮಧ್ಯಾಹ್ನ ಹನ್ನೊಂದು ಟೀಚರುಗಳೂ ಆ ಮನೆಯಲ್ಲಿದ್ದರು. ಎದುರುಮನೆಯ ಡಾಕ್ಟರಮ್ಮನಿಂದ ಕುರ್ಚಿ ತಂದದ್ದಾಯಿತು. ಮಗ ಬಾಗಿಲಲ್ಲೇ ಅಮ್ಮನನ್ನು ಹಿಡಿದ.

“ಅಮ್ಮ, ಇದೆಲ್ಲ ಬೇಕಾ? ಅವಳ ಕೆಲ್ಸಕ್ಕೆ ಸಂಚಕಾರ ಬರುತ್ತೆ.”

“ಅವಳು ಬಿಡ್ತೀನಿ ಅಂತಿದಾಳಲ್ಲ. ಇನ್ನೇನು ಸಂಚಕಾರ?”

“ಉಳಿದೋರಿಗೆ?”

“ಅದನ್ನ ಅವರೇ ಹೇಳಲಿ. ನೀನು ಚಹಾ ಲೋಟ ಹಿಡಿ.”

ಬಂದವರು ಮೊದಮೊದಲು ಚಹಾ ಚೆನ್ನಾಗಿದೆ ಎಂಬುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ವಿಜ್ಞಾನದ ಟೀಚರ್ ತೀರಾ ಚಿಕ್ಕ ವಯಸ್ಸಿನವಳು; “ನನ್ನ ಮೂಲ ಸರ್ಟಿಫಿಕೇಟೆಲ್ಲ ಅವರ ಬೀರುವಿನಲ್ಲಿದೆ,” ಎಂದಳು. ಡ್ರಿಲ್ ಮಾಸ್ತರು, “ಬಿಟ್ಟು ಹೋದವರೇ ಜಾಣರು. ನಾನೂ ಬೇರೆ ಕಡೆ ಅರ್ಜಿ ಹಾಕಿದೀನಿ,” ಎಂದರು. ಸಂಗೀತದ ಟೀಚರ್ ಮಾತ್ರ ಸೊಸೆಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಗಂಟಲು ಮುಟ್ಟಿಕೊಂಡು, “ನನಗೂ ಬೆಳಿಗ್ಗೆ ದನಿ ಏಳಲ್ಲ,” ಎಂದಳು. ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬೊಬ್ಬರೂ ಹೇಳಿದ್ದನ್ನು ಸೊಸೆ ಕಾಗದದ ಮೇಲೆ ಬರೆಯುತ್ತಾ ಹೋದಳು. ಬರೆದದ್ದನ್ನೆಲ್ಲ ಸಹಿಯ ಜೊತೆ ಆಡಳಿತ ಮಂಡಳಿಗೆ ಕೊಡೋಣ ಎಂದರು ದೊಡ್ಡ ಟೀಚರ್.

“ಕಾಗದ ಹರಿದು ಬುಟ್ಟಿಗೆ ಹಾಕ್ತಾರೆ,” ಎಂದರು ಡ್ರಿಲ್ ಮಾಸ್ತರು.

ಸೊಸೆ ಪೆನ್ನು ಮೇಲೆತ್ತಿದಳು. ಎಲ್ಲರೂ ಕಾದರು. ಅವಳು ಬರೆದು ಮೇಜಿನ ನಡುವಿಗೆ ನೂಕಿದಳು: ‘ರಿಜಿಸ್ಟರು ಹರಿಯೋಕಾಗಲ್ಲ. ಮುಂದಿನ ಸಂಬಳಕ್ಕೆ ಸಹಿ ಹಾಕೋಣ. ಸಹಿ ಪಕ್ಕದಲ್ಲಿ ಪಡೆದದ್ದು ಎಷ್ಟು ಅಂತಾನೂ ಬರೆಯೋಣ. ನಿಜ ಬರೆಯೋದು ತಪ್ಪಲ್ಲ.’

ದೊಡ್ಡ ಟೀಚರ್ ಸೊಸೆಯ ಮುಖವನ್ನೇ ನೋಡಿದರು. ತಾವು ಮೂರು ಪುಟದ ಮನವಿ ಯೋಚಿಸಿದ್ದರು. ಇವಳು ಒಂದೇ ಸಾಲಿನಲ್ಲಿ ಲೆಕ್ಕ ಬಿಡಿಸಿಬಿಟ್ಟಿದ್ದಳು.

ಸುದ್ದಿ ನಿಲ್ಲುತ್ತದೆಯೇ? ಮರುವಾರವೇ ಆಡಳಿತ ಮಂಡಳಿಯ ಕಾರ್ಯದರ್ಶಿ ಮನೆಗೆ ಬಂದ. ಅವನೂ ದೊಡ್ಡ ಟೀಚರ ಹಳೆಯ ವಿದ್ಯಾರ್ಥಿ. ಹಣ್ಣಿನ ಬುಟ್ಟಿ ತಂದಿದ್ದ.

“ನೀವೇ ಹೀಗೆ ಮಾಡಿದ್ರೆ ಹೇಗೆ ಟೀಚರ್? ನಮ್ಮ ಶಾಲೆಯ ಕಂಬ ನೀವು. ಹೊಸ ಕಂಪ್ಯೂಟರ್ ಕೋಣೆಗೆ ನಿಮ್ಮ ಹೆಸರೇ ಇಡಬೇಕು ಅಂತ ತೀರ್ಮಾನ ಆಗಿದೆ. ಅಮೃತಶಿಲೆಯ ಫಲಕ.”

“ಆ ಫಲಕದಲ್ಲೂ ಒಂದು ಬರೆದು ಇನ್ನೊಂದು ಕೊಡ್ತೀರೋ?” ಎಂದರು ಮಾವ, ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆ.

ಕಾರ್ಯದರ್ಶಿ ನಗಲಿಲ್ಲ. “ಬಿಟ್ಟು ಹೋಗೋರು ಹೋಗಲಿ. ನಾಳೆ ಬೆಳಿಗ್ಗೆ ಹತ್ತು ಜನ ಬರ್ತಾರೆ.”

“ಬರ್ತಾರಪ್ಪ. ಆರು ತಿಂಗಳಿಗೆ ಹೋಗ್ತಾರೆ. ಐದನೇ ‘ಬಿ’ ಮಕ್ಕಳಿಗೆ ಈ ವರ್ಷ ನಾನು ಎಷ್ಟನೇ ಗಣಿತದ ಟೀಚರ್ ಗೊತ್ತಾ? ನಾಲ್ಕನೆಯವಳು. ನಿನಗೆ ಒಬ್ಬಳೇ ಇದ್ದೆ. ಅದಕ್ಕೇ ನೀನು ಇಷ್ಟು ಚೆನ್ನಾಗಿ ಲೆಕ್ಕ ಕಲಿತೆ.” ಅವರು ಬುಟ್ಟಿಯನ್ನು ಅವನ ಕಡೆ ಸರಿಸಿದರು. “ಗೋಡೆ ಮೇಲೆ ನನ್ನ ಹೆಸರು ಬೇಡ. ಆ ಹನ್ನೊಂದು ಜನರ ಹೆಸರಿನ ಮುಂದೆ ಸರಿಯಾದ ಅಂಕಿ ಬರಿ. ಹಣ್ಣು ಮಕ್ಕಳಿಗೆ ಹಂಚು.”

ಅವನು ಹೋದ ಮೇಲೆ ದೊಡ್ಡ ಟೀಚರ್ ತಾವೇ ಬಾಗಿಲು ಹಾಕಿದರು. ಮೂವತ್ತೊಂದು ವರ್ಷ ಅಂಥ ಫಲಕದ ಆಸೆ ಅವರಿಗೆ ಇರಲಿಲ್ಲವೆಂದಲ್ಲ.

ಮೂರು ವಾರ ಮುಗಿಯಿತು. ಡಾಕ್ಟರು ಮತ್ತೆ ಕೊಳವೆ ಇಳಿಸಿ, ಗಂಟು ಕರಗುತ್ತಿದೆ, ಮೆಲ್ಲಗೆ ಮಾತಾಡಬಹುದು, ಕೂಗುವಂತಿಲ್ಲ ಎಂದರು. ಅಷ್ಟರಲ್ಲಿ ಗೋದಾಮಿನಿಂದ ನೇಮಕದ ಪತ್ರವೂ ಬಂತು. ಮುಂದಿನ ತಿಂಗಳ ಕೊನೆಯೊಳಗೆ ಸೇರಬೇಕು. ದೊಡ್ಡ ಟೀಚರ್ ಆ ಪತ್ರವನ್ನು ಓದಿದರು, ಮಡಿಸಿ ಸೊಸೆಗೆ ಕೊಟ್ಟರು.

“ಒಳ್ಳೇ ಸಂಬಳ. ನಿನಗೆ ಸರಿ ಕಂಡ ಹಾಗೆ ಮಾಡು.”

“ನೀವಾ ಹೀಗೆ ಹೇಳ್ತಿರೋದು?” ಸೊಸೆಯ ದನಿ ಹೊಸದಾಗಿ ತೊಳೆದ ಬಟ್ಟೆಯ ಹಾಗೆ ತೆಳುವಾಗಿತ್ತು.

“ಮೂರು ವಾರ ನಿನ್ನ ಜಾಗದಲ್ಲಿ ನಿಂತು ಬಂದಿದೀನಿ. ಇನ್ನು ನಾನು ಏನು ಹೇಳಲಿ?”

ಗೋದಾಮಿಗೆ ಇನ್ನೂ ದಿನವಿದ್ದುದರಿಂದ ಸೊಸೆ ಮತ್ತೆ ಶಾಲೆಗೆ ಹೋಗತೊಡಗಿದಳು. ಮುಂದಿನ ಸಂಬಳದ ದಿನ ದೊಡ್ಡ ಟೀಚರ್, ತಾವು ತಿದ್ದಿ ಮುಗಿಸಿದ ನೋಟ್‌ಬುಕ್ಕುಗಳ ಕಟ್ಟು ಒಪ್ಪಿಸಲು ಶಾಲೆಗೆ ಬಂದಿದ್ದರು. ಹಾಗೆಂದು ಅವರು ಹೇಳಿದರು. ಕಟ್ಟು ಒಪ್ಪಿಸಿಯಾದ ಮೇಲೂ ಗುಮಾಸ್ತನ ಕೋಣೆಯ ಕಿಟಕಿಯ ಬಳಿ ನಿಂತೇ ಇದ್ದರು.

ಸಾಲಿನಲ್ಲಿ ಮೊದಲು ಸೊಸೆ. ಅವಳಿಗೆ ಮೊದಲು ನಿಲ್ಲುವ ದರ್ದೇನೂ ಇರಲಿಲ್ಲ. ಬೇರೆ ಕೆಲಸ ಕೈಯಲ್ಲಿತ್ತು, ಸುಮ್ಮನೆ ಎದ್ದು ಹೋಗಬಹುದಿತ್ತು. ಬೇರೆ ಕೆಲಸ ಇರುವವಳೇ ಮೊದಲು ನಿಲ್ಲಬೇಕು, ಉಳಿದವರಿಗೆ ಧೈರ್ಯ ಬರುತ್ತದೆ ಎಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಗಂಡನಿಗೆ ಹೇಳಿದ್ದಳು. ಲಕೋಟೆ ಬಿಚ್ಚಿ ಎಣಿಸಿದಳು. ಸಹಿ ಹಾಕಿದಳು. ಪಕ್ಕದಲ್ಲಿ, ಬೋರ್ಡಿನ ಮೇಲೆ ಬರೆಯುವಂಥ ಅದೇ ದುಂಡು ಅಕ್ಷರದಲ್ಲಿ, ‘ಪಡೆದದ್ದು ಹದಿನೈದು ಸಾವಿರ’ ಎಂದು ಬರೆದಳು.

ಗುಮಾಸ್ತ ಎದ್ದುನಿಂತ. “ಏನ್ರೀ ಇದು! ಏನು ಮಾಡ್ತಿದೀರಾ?”

“ಜೋರಾಗಿ ಮಾತಾಡಬಾರದು ಅಂತ ಡಾಕ್ಟರ್ ಹೇಳಿದ್ದಾರೆ,” ಎಂದಳು ಸೊಸೆ ಮೆಲ್ಲಗೆ. “ಅದಕ್ಕೇ ಬರೆದಿದೀನಿ.”

ಅವನು ರಿಜಿಸ್ಟರು ಎಳೆದುಕೊಳ್ಳುವ ಮೊದಲೇ ಡ್ರಿಲ್ ಮಾಸ್ತರು ಅದರ ಮೇಲೆ ಅಂಗೈ ಊರಿದ್ದರು. ಅವರು ಬರೆದರು. ಸಂಗೀತದ ಟೀಚರ್ ಬರೆದಳು. ವಿಜ್ಞಾನದ ಟೀಚರ್ ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದಳು. ಹನ್ನೊಂದು ಸಾಲು ತುಂಬಿತು. ಗದ್ದಲ ಕೇಳಿ ಹೆಡ್ ಮಾಸ್ತರು ಬಂದರು. ಯಾರ ಎದುರೂ ದನಿ ಎತ್ತದ, ಸದಾ ಕಾರ್ಯದರ್ಶಿಯ ಹಿಂದೆ ಎರಡು ಹೆಜ್ಜೆ ನಡೆಯುವ ಮನುಷ್ಯ. ರಿಜಿಸ್ಟರನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ನನ್ನ ಸಾಲು ಎಲ್ಲಿದೆ?” ಎಂದರು.

ಕಿಟಕಿಯ ಹೊರಗೆ ದೊಡ್ಡ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಬಂತೋ ಅಳು ಬಂತೋ ಅವರಿಗೇ ಗೊತ್ತಾಗಲಿಲ್ಲ.

ಆಮೇಲಿನ ಹನ್ನೆರಡು ದಿನ ಸುಲಭವಾಗಿರಲಿಲ್ಲ. ಕೊಟ್ಟ ಲಕೋಟೆಗಳನ್ನು ಅಂದೇ ವಾಪಸ್ಸು ಕಿತ್ತುಕೊಂಡರು. ಮಗ ಎರಡು ಪಾಳಿ ದುಡಿದ. ಮನೆಯಲ್ಲಿ ತಲೆಗೊಂದು ಮೊಟ್ಟೆ ಇದ್ದದ್ದು ಅರ್ಧವಾಯಿತು. ಮಾವ ತಮ್ಮ ಅರ್ಧವನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿ ಗುಬ್ಬಿಯನ್ನು ನಗಿಸಿದರು. ಆದರೆ ಹನ್ನೊಂದು ಜನರಲ್ಲಿ ಒಬ್ಬರೂ ಒಂದು ಪಿರಿಯಡ್ ತಪ್ಪಿಸಲಿಲ್ಲ. ಮಕ್ಕಳ ಅಪ್ಪ ಅಮ್ಮಂದಿರಿಗೆ ವಿಷಯ ತಿಳಿಯಿತು. ಬೋರ್ಡು ಕಾಣದ ಆ ಹುಡುಗಿಯ ತಾಯಿ ಹೊಲಿಗೆ ಕೆಲಸದವಳು, ಇಪ್ಪತ್ತು ಜನರನ್ನು ಕಟ್ಟಿಕೊಂಡು ಗೇಟಿಗೆ ಬಂದು, “ಫೀಸು ನಾವು ಪೂರ್ತಿ ಕೊಡ್ತೀವಲ್ಲ, ಟೀಚರಿಗೆ ಯಾಕೆ ಅರ್ಧ?” ಎಂದು ಕೇಳಿದಳು. ಶಾಲೆಯ ಮಾನ್ಯತೆ ನವೀಕರಣಕ್ಕೆ ಇಲಾಖೆಯವರು ಬರುವ ದಿನ ಹತ್ತಿರವಾಗಿತ್ತು. ಆ ರಿಜಿಸ್ಟರು ತೋರಿಸುವಂತಿರಲಿಲ್ಲ. ಹೊಸ ರಿಜಿಸ್ಟರು ಬರೆಯಲು ಹನ್ನೆರಡು ಜನರ ಸಹಿ ಬೇಕು. ಹನ್ನೆರಡು ಜನರೂ ಪೆನ್ನಿನ ಕ್ಯಾಪು ಮುಚ್ಚಿಕೊಂಡಿದ್ದರು.

ಹದಿಮೂರನೆಯ ದಿನ ಮಂಡಳಿ ಬಗ್ಗಿತು. ಆ ತಿಂಗಳಿನಿಂದಲೇ ರಿಜಿಸ್ಟರಿನಲ್ಲಿದ್ದಷ್ಟು ಸಂಬಳ. ಹಾಲ್‌ಗೆ ಮತ್ತೆ ಗೋಡೆ, ‘ಬಿ’ ವಿಭಾಗಕ್ಕೆ ಒಬ್ಬ ಟೀಚರ್. ಕಂಪ್ಯೂಟರುಗಳು ಪೆಟ್ಟಿಗೆಯಿಂದ ಹೊರಗೆ, ಟೀಚರುಗಳು ಅವರ ಕೋಣೆಯ ಒಳಗೆ. ಪೈಪು ರಿಪೇರಿಗೆ ಒಂದೇ ಮಧ್ಯಾಹ್ನ ಸಾಕಾಯಿತು. ಹಿಂದಿನ ವರ್ಷಗಳ ಬಾಕಿಯ ಬಗ್ಗೆ ಮಾತ್ರ ‘ನೋಡೋಣ’ ಎಂದರು. ಅದು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಡ್ರಿಲ್ ಮಾಸ್ತರು ಬೇರೆ ಕಡೆ ಕೆಲಸ ಸಿಕ್ಕಿ ಹೊರಟೇಹೋದರು. ಹೋಗುವಾಗ, “ಸೋತು ಹೋಗ್ತಾ ಇಲ್ಲ, ಅಷ್ಟು ಸಾಕು,” ಎಂದರಂತೆ.

ಶನಿವಾರ ಸಂಜೆ ಊಟಕ್ಕೆ ಕೂತಾಗ ಸೊಸೆ ಹೇಳಿದಳು, “ಗೋದಾಮಿನವರಿಗೆ ಬರಲ್ಲ ಅಂತ ಫೋನ್ ಮಾಡಿದೆ.”

ಮಗ ತುತ್ತು ಹಿಡಿದು ಅಮ್ಮನ ಮುಖ ನೋಡಿದ.

“ನನಗೋಸ್ಕರ ಏನೂ ಮಾಡಬೇಡ,” ಎಂದರು ದೊಡ್ಡ ಟೀಚರ್.

“ನಿಮಗೋಸ್ಕರ ಅಲ್ಲ ಅತ್ತೆ. ಆ ಗೋಡೆ ಕಟ್ಟಿಸಿದ್ದು ನಾವು. ಅದರೊಳಗೆ ನಲವತ್ತೆರಡು ಮಕ್ಕಳಿಗೆ ಒಂದು ವರ್ಷ ಪಾಠ ಮಾಡಿ ನೋಡಬೇಕು ಅನ್ನಿಸ್ತು. ಮತ್ತೆ ಹಳೇ ಚಾಳಿ ಶುರುವಾದ್ರೆ ಬಿಡ್ತೀನಿ. ಆಗ ನೀವು ಒಂದು ಮಾತೂ ಅನ್ನಬಾರದು.”

“ಅನ್ನಲ್ಲ. ನಾನೇ ಬಂದು ನಿನ್ನ ಚೀಲ ಹೊತ್ಕೊಂಡು ಬರ್ತೀನಿ.” ಅವರು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಅವಳು ಸಾಕು ಎಂದರೂ ಬಡಿಸಿದರು.

ಮರುದಿನ ಬೆಳಿಗ್ಗೆ ದೊಡ್ಡ ಟೀಚರ್ ಬ್ರೆಡ್ಡು ತರಲು ಬೇಕರಿಗೆ ಹೋದರು. ಭಾನುವಾರವಾದ್ದರಿಂದ ಸಾಲು ಉದ್ದವಿತ್ತು. ಬೇಕರಿಯವನು ಬ್ರೆಡ್ಡು ಕಟ್ಟುತ್ತಾ, “ಶಾಲೆಯಲ್ಲಿ ಭಾರಿ ಕೆಲ್ಸ ಮಾಡಿದ್ರಂತೆ ದೊಡ್ಡ ಟೀಚರ್. ಊರೆಲ್ಲ ನಿಮ್ಮದೇ ಮಾತು,” ಎಂದ.

“ನಾನಾ? ನಾನು ಚಹಾ ಮಾಡಿಸಿದೆ ಅಷ್ಟೇ. ಮಾಡಿದ್ದು ನನ್ನ ಸೊಸೆ.” ಅವರು ಬ್ರೆಡ್ಡನ್ನು ಚೀಲಕ್ಕೆ ಹಾಕದೆ ಗಲ್ಲಾದ ಮೇಲೇ ಇಟ್ಟು, ಎರಡೂ ಮೊಣಕೈ ಊರಿದರು. “ದನಿ ಇರಲಿಲ್ಲ ಕಣಯ್ಯಾ ಅವಳಿಗೆ. ಒಂದು ಪದ ಆಡೋ ಹಾಗಿರಲಿಲ್ಲ. ಹನ್ನೊಂದು ಜನ ಕೂತಿದ್ವಿ, ಒಬ್ಬರಿಗೂ ದಾರಿ ಕಾಣಲಿಲ್ಲ. ಇವಳು ಒಂದು ಚೀಟಿ ಬರೆದು ಹೀಗೆ ಮುಂದಕ್ಕೆ ನೂಕಿದಳು ನೋಡು...”

ಹಿಂದಿನಿಂದ ಯಾರೋ, “ಅಮ್ಮಾ, ಸ್ವಲ್ಪ ಬೇಗ,” ಎಂದು ಗೊಣಗಿದರು.

ದೊಡ್ಡ ಟೀಚರ್ ತಿರುಗಿ, ಹಿಂದಿನ ಬೆಂಚಿನವರನ್ನು ನೋಡುವಂತೆ ಆ ಇಡೀ ಸಾಲನ್ನು ಒಮ್ಮೆ ನೋಡಿದರು.

“ಸುಮ್ಮನೆ ನಿಂತ್ಕೊಳ್ಳಿ,” ಎಂದರು. “ನೀವೂ ಕೇಳಬೇಕಾದ್ದೇ.”